ಟೈಮ್‌ಟೇಬಲ್ ಬೇಕಿರುವುದು ಮಕ್ಕಳಿಗಲ್ಲ

ಪ್ರಶ್ನೆ: ನಾವು ಕಾರವಾರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ಮಗಳಿಗೆ 13 ವರ್ಷ, ಈ ಸಲ ಎಂಟನೇ ತರಗತಿ. ಮಗನಿಗೆ 6, ಒಂದನೇ ತರಗತಿಗೆ ಹೆಸರು ಹಚ್ಚಬೇಕು. ಅಂಗನವಾಡಿ ಬಿಟ್ಟ ಮೇಲೆ ಅವನು ಶಾಲೆಯನ್ನೇ ಕಂಡಿಲ್ಲ. ಎರಡು ವಾರದಿಂದ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಿದ್ದಾನೆ. ಮೂರು ವರ್ಷಕ್ಕೇ ಬಿಟ್ಟಿದ್ದ ಅಭ್ಯಾಸ ಅದು. ಮೊಬೈಲ್ ಕಸಿದುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಮಗಳು ಮಾತೇ ಆಡುವುದಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಎಚ್ಚರ, ಬೆಳಿಗ್ಗೆ ಹತ್ತಾದರೂ ಏಳುವುದಿಲ್ಲ. ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್, ಅದಕ್ಕೆ ಇಬ್ಬರದೂ ಜಗಳ. ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಮೂರು ದಿನವೂ ನಡೆಯಲಿಲ್ಲ. ಯಜಮಾನರು ಗೋವಾದ ಮಡಗಾಂವ್‌ನಲ್ಲಿ ಹೋಟೆಲ್ ಅಡುಗೆ ಕೆಲಸ ಮಾಡುತ್ತಿದ್ದರು, ರಜೆಗೆ ಮಾತ್ರ ಬರುತ್ತಿದ್ದರು. ಈಗ ಲಾಕ್‌ಡೌನ್‌ನಲ್ಲಿ ಕೆಲಸ ಇಲ್ಲದೆ ಮನೆಯಲ್ಲೇ ಇದ್ದಾರೆ, ಸಿಟ್ಟು ಜಾಸ್ತಿ, ಮಗನಿಗೆ ಒಂದೆರಡು ಸಲ ಹೊಡೆದಿದ್ದಾರೆ. ಅತ್ತೆಗೆ ದಿನವಿಡೀ ಟಿವಿ ನ್ಯೂಸ್ ಬೇಕು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಕೊರೊನಾ ಮೂರನೇ ಅಲೆ ಮಕ್ಕಳಿಗೇ ಬರುತ್ತದಂತೆ, ಅದೊಂದು ಹೆದರಿಕೆ ಬೇರೆ. ಮಕ್ಕಳನ್ನು ಹೇಗೆ ದಾರಿಗೆ ತರಲಿ?
(ಓದುಗರೊಬ್ಬರು, ಕಾರವಾರ. ಜೂನ್ 2021)

ಉತ್ತರ: ಮಕ್ಕಳ ಆಪ್ತಸಮಾಲೋಚಕಿ, ಶಿರಸಿ

ನಿಮ್ಮ ಪತ್ರದ ತುಂಬ ಮಕ್ಕಳಿದ್ದಾರೆ. ಯಜಮಾನರ ಬಗ್ಗೆ ಎರಡು ಸಾಲು, ಅತ್ತೆಯವರ ಟಿವಿ ಬಗ್ಗೆ ಒಂದು. ನಾನು ಆ ಮೂರು ಸಾಲಿನಿಂದಲೇ ಶುರು ಮಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ಯಾಕೆ ನಡೆಯಲಿಲ್ಲ ಅಂತ ಸ್ವಲ್ಪ ಯೋಚಿಸಿ. ಅದರಲ್ಲಿ ಹತ್ತು ಗಂಟೆಗೆ ಓದು ಅಂತ ಇರುತ್ತದೆ. ಆ ಹತ್ತು ಗಂಟೆಗೆ ಮನೆ ಹೇಗಿರುತ್ತದೆ? ಮಗಳು ಎದ್ದಿಲ್ಲ. ಯಜಮಾನರು ಚಾ ಕುಡಿದು ಮತ್ತೆ ಅಡ್ಡಾಗಿದ್ದಾರೆ. ಟಿವಿಯಲ್ಲಿ ಆಂಬುಲೆನ್ಸ್ ಸದ್ದು. ನೀವು ಹೊಲಿಗೆ ಮಷಿನ್ ಮುಂದೆ. ಇಷ್ಟರ ನಡುವೆ ಆರು ವರ್ಷದವನೊಬ್ಬ ಪಾಟಿ ಹಿಡಿದು ಕೂರಬೇಕು. ಕೂರುತ್ತಾನಾ? ಮನೆಯಲ್ಲಿ ಐದು ಜನ, ಟೈಮ್‌ಟೇಬಲ್ ಮಾತ್ರ ಇಬ್ಬರಿಗೆ. ಆ ಕಾಗದ ಕಿತ್ತುಹಾಕಿ. ಮೊದಲು ದೊಡ್ಡವರ ದಿನಕ್ಕೊಂದು ರೂಪ ಬರಲಿ. ಮಕ್ಕಳ ದಿನ ಅದರ ಹಿಂದೆಯೇ ಬರುತ್ತದೆ. ಪೂರ್ತಿ ಬರದಿದ್ದರೂ ಮುಕ್ಕಾಲು ಪಾಲು ಬರುತ್ತದೆ.

ಆರು ವರ್ಷದ ಮಗುವಿಗೆ ಗಡಿಯಾರದ ಲೆಕ್ಕ ಇಲ್ಲ. ಇದಾದ ಮೇಲೆ ಅದು ಅನ್ನುವುದಷ್ಟೇ ಗೊತ್ತು. ಅಂಗನವಾಡಿಯಲ್ಲಿ ಹಾಡು ಮುಗಿದರೆ ಆಟ, ಆಟ ಮುಗಿದರೆ ಊಟ. ಮಗಳಿಗೆ ಶಾಲೆಯ ಗಂಟೆ ಇತ್ತು, ಬಿಸಿಯೂಟ ಇತ್ತು, ಸಂಜೆ ಗೆಳತಿಯರ ಜೊತೆ ನಡೆದು ಬರುವ ದಾರಿ ಇತ್ತು. ಕಳೆದ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಅದೆಲ್ಲ ಒಮ್ಮೆಲೇ ಹೋಯಿತು. ಈ ವರ್ಷ ಏಪ್ರಿಲ್ 27ರಿಂದ ಮತ್ತೆ ಬಾಗಿಲು ಹಾಕಿಕೊಂಡಿದ್ದೇವೆ. ದಿನವನ್ನು ಹಿಡಿದು ನಿಲ್ಲಿಸುವ ಗೂಟಗಳೇ ಇಲ್ಲ. ಹಾಗಾಗಿ ನಿಮ್ಮ ಮನೆಗೆ ನಾಲ್ಕು ಗೂಟ ಸಾಕು: ಏಳುವುದು, ಮಧ್ಯಾಹ್ನದ ಊಟ, ಸಂಜೆ ಕೈಕಾಲು ತೊಳೆದು ದೀಪ ಹಚ್ಚುವುದು, ಮಲಗುವುದು. ಈ ನಾಲ್ಕು ಹೊತ್ತು ಐದೂ ಜನರಿಗೆ ಒಂದೇ. ನಡುವೆ ಏನು ನಡೆಯುತ್ತದೆ ಅನ್ನುವುದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಈಗ ಯಜಮಾನರ ವಿಷಯ.

ಕಾರವಾರ, ಸದಾಶಿವಗಡ, ಮಾಜಾಳಿ ಕಡೆಯ ಎಷ್ಟೋ ಮನೆಗಳಿಗೆ ಅನ್ನ ಗೋವಾದಿಂದ ಬರುತ್ತದೆ. ಅಲ್ಲಿ ಗಡಿ ಬಿಗಿಯಾದರೆ ಇಲ್ಲಿ ಕೈ ಕಟ್ಟುತ್ತದೆ. ಮೇ 10ರಿಂದ ಗೋವಾದೊಳಗೆ ಕಾಲಿಡಲು ಕೋವಿಡ್ ನೆಗೆಟಿವ್ ಸರ್ಟಿಫಿಕೇಟ್ ಬೇಕಾಯಿತು. ಅದನ್ನು ಮಾಡಿಸಿಕೊಂಡು ಹೋದರೂ ಪ್ರವಾಸಿಗರಿಲ್ಲದ ಹೋಟೆಲ್‌ನಲ್ಲಿ ಅಡುಗೆ ಮಾಡುವುದು ಯಾರಿಗೆ? ನಿಮ್ಮವರಿಗೆ ಇದರಲ್ಲಿ ಯಾವ ತಪ್ಪೂ ಇಲ್ಲ. ಆದರೆ ದುಡಿಯುವ ಗಂಡಸಿಗೆ ಹಗಲು ಹೊತ್ತು ಮನೆಯಲ್ಲಿ ಕೂರುವುದು ನಾಚಿಕೆ ಅನಿಸುತ್ತದೆ. ನಾಚಿಕೆ ಆಗುತ್ತಿದೆ ಅಂತ ಬಾಯಿಬಿಟ್ಟು ಹೇಳುವ ಗಂಡಸರು ಕಡಿಮೆ. ಅದು ಸಿಟ್ಟಾಗಿ ಹೊರಬರುತ್ತದೆ. ಸಿಟ್ಟು ಯಾವಾಗಲೂ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಮೇಲೆಯೇ ಬೀಳುತ್ತದೆ, ಅಲ್ವಾ?

ಇನ್ನೊಂದು ಮಾತು ನಿಮಗೆ ಹೊಳೆದಿರಲಿಕ್ಕಿಲ್ಲ. ಮಕ್ಕಳಿಗೆ ಅವರು ರಜೆಗೆ ಬರುವ ಅಪ್ಪ. ಚೀಲದಲ್ಲಿ ತಿಂಡಿ ತರುವ, ಎರಡು ದಿನ ಮುದ್ದು ಮಾಡಿ ಹೋಗುವ ಅಪ್ಪ. ಮನೆಯ ನಿಯಮ ಎಲ್ಲ ನಿಮ್ಮದೇ ಆಗಿತ್ತು. ಈಗ ಅದೇ ಅಪ್ಪ ದಿನವಿಡೀ ಕಣ್ಣ ಮುಂದಿದ್ದಾರೆ, "ಎದ್ದಿಲ್ವಾ, ಓದಿಲ್ವಾ, ಆ ಫೋನ್ ಬಿಡು" ಅನ್ನುತ್ತಾರೆ. ಅವರ ಜೊತೆ ಇರುವುದು ಹೇಗೆ ಅಂತ ಮಕ್ಕಳಿಗೆ ಗೊತ್ತಿಲ್ಲ. ಮಕ್ಕಳ ಜೊತೆ ಇರುವುದು ಹೇಗೆ ಅಂತ ಅವರಿಗೂ ಗೊತ್ತಿಲ್ಲ. ಇದು ಸ್ವಭಾವದ ದೋಷ ಅಲ್ಲ, ಅಭ್ಯಾಸ ಇಲ್ಲ ಅಷ್ಟೇ.

ಹಾಗಾದರೆ ಏನು ಮಾಡುವುದು? "ನನಗೆ ಸ್ವಲ್ಪ ಸಹಾಯ ಮಾಡಿ" ಅಂತ ಮಾತ್ರ ಕೇಳಬೇಡಿ. ಸಹಾಯ ಅಂದರೆ ಅದು ನಿಮ್ಮ ಕೆಲಸ, ಅವರು ಕೈ ಹಾಕಿದ್ದು ಉಪಕಾರ ಅಂತಾಗುತ್ತದೆ. ಪೂರ್ತಿ ಒಂದು ಕೆಲಸ ಬಿಟ್ಟುಕೊಡಿ. ಮಧ್ಯಾಹ್ನದ ಅಡುಗೆ ಅವರದು. ನೂರಾರು ಜನರಿಗೆ ಅಡುಗೆ ಮಾಡುವ ಕೈ ಮನೆಯಲ್ಲಿ ಒಗ್ಗರಣೆ ಸೌಟು ಮುಟ್ಟುವುದಿಲ್ಲ ಅನ್ನುವುದು ನಮ್ಮ ಕಡೆಯ ಹಳೇ ಕಥೆ. ಈ ಲಾಕ್‌ಡೌನ್ ಅದನ್ನಾದರೂ ಮುಗಿಸಲಿ. ಏನು ಮಾಡಬೇಕು, ಎಷ್ಟು ಎಣ್ಣೆ ಹಾಕಬೇಕು ಅಂತ ನೀವು ಹೇಳಲು ಹೋಗಬೇಡಿ. ಈ ಲಾಕ್‌ಡೌನ್‌ನಲ್ಲಿ ಅಂಗಡಿ ತೆರೆಯುವುದು ಬೆಳಿಗ್ಗೆ 6ರಿಂದ 10. ನಡೆದು ಹೋಗಿ ಸಾಮಾನು ತರುವುದೂ ಅವರೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನು ಕೈಗೆ ಸಿಗದ ದರ. ಒಣಮೀನು, ಒಣ ಶೆಟ್ಲಿ (ಸೀಗಡಿ), ಹಲಸಿನ ಬೀಜ ಇಷ್ಟರಲ್ಲೇ ಐದು ಜನರ ಊಟ ಏಳಬೇಕು. ಒಳ್ಳೆ ಅಡುಗೆಯವರಿಗೆ ಇದು ಸವಾಲು. ಸವಾಲು ಸಿಕ್ಕರೆ ಗಂಡಸರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಮಗ ಅವರ ಕೈಕೆಳಗಿನ ಆಳು. ಬೆಳ್ಳುಳ್ಳಿ ಸುಲಿಯಲಿ, ಕೊತ್ತಂಬರಿ ಸೊಪ್ಪು ಬಿಡಿಸಲಿ, ಐದು ಬಟ್ಟಲು ಎಣಿಸಿ ಇಡಲಿ. ಚಾಕು, ಬಿಸಿ ಎಣ್ಣೆ ದೂರ ಇದ್ದರೆ ಸಾಕು. ಅಪ್ಪನ ಪಕ್ಕದಲ್ಲಿ ಒಂದು ಗಂಟೆ, ಬೈಗುಳ ಇಲ್ಲದೆ, ಕೈಯಲ್ಲಿ ಕೆಲಸ ಹಿಡಿದು. ನಾನು ಯಾವ ಔಷಧಿಗಿಂತ ಇದನ್ನು ಹೆಚ್ಚು ನಂಬುತ್ತೇನೆ.

ಇದನ್ನು ಯಜಮಾನರಿಗೆ ಹೇಳುವ ಹೊತ್ತೂ ಮುಖ್ಯ. ಜಗಳದ ನಡುವೆ ಬೇಡ, ಅತ್ತೆಯವರ ಮುಂದೆ ಬೇಡ, ಮಕ್ಕಳ ಮುಂದಂತೂ ಬೇಡವೇ ಬೇಡ. ಬೆಳಿಗ್ಗೆ ಚಾ ಹೊತ್ತಲ್ಲಿ ಹೇಳಿ: "ಮಕ್ಕಳು ನನ್ನ ಮಾತು ಕೇಳುತ್ತಿಲ್ಲ. ಮಧ್ಯಾಹ್ನದವರೆಗೆ ಹುಡುಗನನ್ನು ನೀವು ನೋಡಿಕೊಂಡರೆ ನಾನು ನಾಲ್ಕು ಬ್ಲೌಸ್ ಹೊಲಿದು ದುಡ್ಡು ತರಬಹುದು." ಇದು ಸುಳ್ಳಲ್ಲ ತಾನೇ?

ಹೊಡೆತದ ಬಗ್ಗೆ ಮೃದುವಾಗಿ ಹೇಳಲಾರೆ. ಹೊಡೆಯುವುದು ನಿಲ್ಲಬೇಕು. ಹೊಡೆತದಿಂದ ಮಗು ಕಲಿಯುವುದು ಒಂದೇ: ಅಪ್ಪ ಬಂದಾಗ ಅಡಗಬೇಕು. ಸಿಟ್ಟು ನೆತ್ತಿಗೇರಿತು ಅನಿಸಿದಾಗ ಯಜಮಾನರು ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರಲಿ, ಹತ್ತು ನಿಮಿಷ ಯಾರೂ ಮಾತಾಡಿಸಬೇಡಿ. ಈ ಒಪ್ಪಂದ ಮೊದಲೇ ಆಗಿರಬೇಕು. ಒಮ್ಮೆ ಕೈ ಮಾಡಿದರೆ ಆ ದಿನವೇ ಮಗನನ್ನು ಕರೆದು "ನಾನು ಹೊಡೀಬಾರದಿತ್ತು" ಅಂತ ಹೇಳಲಿ. ಅಪ್ಪನ ಮರ್ಯಾದೆ ಅದರಿಂದ ಕಡಿಮೆ ಆಗುವುದಿಲ್ಲ. ಆದರೆ ಕೋಲು, ಬೆಲ್ಟ್ ಹಿಡಿದರೆ, ಗಾಯ ಆದರೆ, ಕೈ ನಿಮ್ಮ ಮೇಲೂ ಬಂದರೆ ಅದು ಮನೆಯೊಳಗಿನ ಮಾತಾಗಿ ಉಳಿಯುವುದಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಲಾಕ್‌ಡೌನ್‌ನಲ್ಲೂ ಕರೆ ತೆಗೆದುಕೊಳ್ಳುತ್ತಾರೆ. ಈ ಮೂರು ಸಂಖ್ಯೆ ಮಗಳಿಗೂ ಬಾಯಿಪಾಠ ಇರಲಿ.

ಮಗಳಿಗೆ ಇನ್ನೂ ಒಂದು ಗೊತ್ತಿರಬೇಕು, ದುಡ್ಡಿನ ವಿಷಯ. ಹದಿಮೂರು ವರ್ಷದವಳಿಗೆ ಮನೆಯಲ್ಲಿ ಸಂಬಳ ಬರುತ್ತಿಲ್ಲ ಅನ್ನುವುದು ಈಗಾಗಲೇ ಗೊತ್ತಿರುತ್ತದೆ. ನೀವು ಹೇಳದೆ ಇದ್ದರೆ ಇರುವುದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾಳೆ. ಬಾಡಿಗೆ ಎಷ್ಟು ಬಾಕಿ ಇದೆ ಅನ್ನುವುದೆಲ್ಲ ಬೇಡ. "ಅಪ್ಪನ ಹೋಟೆಲ್ ಮುಚ್ಚಿದೆ, ತೆರೆದ ಮೇಲೆ ಹೋಗುತ್ತಾರೆ, ಅಲ್ಲಿಯವರೆಗೆ ಹೊಸದು ಏನೂ ಕೊಳ್ಳಲ್ಲ, ಊಟಕ್ಕೆ ತೊಂದರೆ ಇಲ್ಲ." ಇಷ್ಟು ಸಾಕು.

ಇನ್ನು ಮಗನ ರಾತ್ರಿಯ ಸಮಸ್ಯೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಹಾಸಿಗೆ ಒದ್ದೆ ಮಾಡದ ಮಗು ಮತ್ತೆ ಶುರು ಮಾಡಿದರೆ ವೈದ್ಯರು ಎರಡು ಕಡೆ ನೋಡುತ್ತಾರೆ. ಒಂದು ದೇಹ, ಇನ್ನೊಂದು ಮನಸ್ಸು. ದೇಹವನ್ನು ಮೊದಲು ನೋಡಿ. ಉಚ್ಚೆ ಮಾಡುವಾಗ ಉರಿ ಅನ್ನುತ್ತಾನಾ? ಹಗಲಲ್ಲೂ ಪದೇಪದೇ ಓಡುತ್ತಾನಾ? ಜ್ವರ ಇದೆಯಾ? ಹೊಟ್ಟೆ ಗಟ್ಟಿಯಾಗಿದೆಯಾ? ಮಲಬದ್ಧತೆ ಇದ್ದರೂ ರಾತ್ರಿ ಹೀಗಾಗುತ್ತದೆ, ಇದು ತುಂಬ ಜನರಿಗೆ ಗೊತ್ತಿಲ್ಲ. ಬಾಯಾರಿಕೆ ಜಾಸ್ತಿಯಾಗಿ, ನೀರು ಕುಡಿದಷ್ಟೂ ಸಾಲದೆ, ಮಗು ಬಡಕಲಾಗುತ್ತಿದ್ದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತದಲ್ಲಿನ ಸಕ್ಕರೆ ನೋಡಿಸಿ. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಅದರ ಮೊದಲ ಗುರುತು ಕೆಲವೊಮ್ಮೆ ಇದೇ. ಈ ಯಾವುದೂ ಇಲ್ಲದಿದ್ದರೂ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ದೇಹದ ತೊಂದರೆ ಏನೂ ಇಲ್ಲ ಅಂತಾದರೆ ಹೆದರಿಕೆಯ ಕಡೆ ಬನ್ನಿ. ಅವನ ಹೆದರಿಕೆ ಎಲ್ಲಿಂದ ಬಂತು? ಅಪ್ಪನ ಹೊಡೆತ ಒಂದು. ಇನ್ನೊಂದು ನಿಮ್ಮ ಮನೆಯ ಟಿವಿ ಅಂತ ನನ್ನ ಅನುಮಾನ. ಮೇ ತಿಂಗಳ ನ್ಯೂಸ್ ನೆನಪು ಮಾಡಿಕೊಳ್ಳಿ. ಆಕ್ಸಿಜನ್ ಸಿಲಿಂಡರ್, ಸ್ಮಶಾನದ ಸಾಲು, ಅಳುವ ಮಕ್ಕಳು. ದೊಡ್ಡವರು ಅದನ್ನು ನೋಡಿ ಬೆಂಗಳೂರಿನದು, ದೆಹಲಿಯದು ಅಂದುಕೊಳ್ಳುತ್ತಾರೆ. ಆರು ವರ್ಷದವನಿಗೆ ಬೆಂಗಳೂರೂ ಪಕ್ಕದ ಓಣಿಯೇ. ಒಂದೇ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಅವನ ಲೆಕ್ಕದಲ್ಲಿ ಹತ್ತು ಜನ ಸತ್ತರು. ಆ ವಯಸ್ಸಿನ ಮಕ್ಕಳಲ್ಲಿ ಇನ್ನೊಂದು ಇದೆ. ತಾನು ಹಟ ಮಾಡಿದ್ದಕ್ಕೇ, ಕೈ ತೊಳೆಯದೆ ಇದ್ದದ್ದಕ್ಕೇ ಅಜ್ಜಿಗೆ ಏನೋ ಆಗಿಬಿಡುತ್ತದೆ ಅಂತ ನಂಬುತ್ತಾರೆ. ನಾವೇ ಹಾಗೆ ಹೇಳಿ ಹೆದರಿಸಿರುತ್ತೇವೆ, "ಹೊರಗೆ ಹೋದರೆ ಅಜ್ಜಿಗೆ ಕೊರೊನಾ ಬರ್ತದೆ" ಅಂತ.

ಅವನನ್ನು ಕೂರಿಸಿಕೊಂಡು ಕೇಳಿ: "ಕೊರೊನಾ ಅಂದರೆ ಏನು ಮಗಾ? ನಿನಗೇನು ಅನಿಸ್ತದೆ?" ಮೊದಲು ಅವನು ಹೇಳಲಿ. ತಪ್ಪು ಹೇಳಿದ್ದನ್ನು ಮಾತ್ರ ತಿದ್ದಿ, ಉಪನ್ಯಾಸ ಬೇಡ. ನಿಮ್ಮ ಓಣಿಯಲ್ಲಿ ಈ ನಡುವೆ ಯಾರಾದರೂ ತೀರಿಕೊಂಡಿದ್ದರೆ ಅದನ್ನೂ ನೇರವಾಗಿ ಹೇಳಿ. "ಅವರಿಗೆ ತುಂಬ ಜೋರು ಕಾಯಿಲೆ ಆಯಿತು, ಸತ್ತುಹೋದರು, ಇನ್ನು ಬರುವುದಿಲ್ಲ." ಕೇಳಲಿಕ್ಕೆ ಒರಟು ಅನಿಸಬಹುದು. ಆದರೆ "ಮಲಗಿದ್ದಾರೆ" ಅಂದರೆ ಮಗುವಿಗೆ ಮಲಗಲು ಹೆದರಿಕೆ. "ಊರಿಗೆ ಹೋಗಿದ್ದಾರೆ" ಅಂದರೆ ಅಪ್ಪ ಮತ್ತೆ ಗೋವಾಕ್ಕೆ ಹೊರಟ ದಿನ ಮಗ ಬಾಗಿಲಲ್ಲಿ ಅಡ್ಡ ನಿಲ್ಲುತ್ತಾನೆ.

ಹಾಸಿಗೆ ಒದ್ದೆಯಾದ ಬೆಳಿಗ್ಗೆ ಬೈಯಬೇಡಿ, ನಗಬೇಡಿ, ಅಕ್ಕನ ಮುಂದೆ ಎತ್ತಿ ಆಡಬೇಡಿ. ಏಳು ವರ್ಷದ ನೂರು ಮಕ್ಕಳನ್ನು ತೆಗೆದುಕೊಂಡರೆ ಐದರಿಂದ ಹತ್ತು ಮಕ್ಕಳಿಗೆ ಈ ತೊಂದರೆ ಇರುತ್ತದೆ, ಸುಮ್ನೆ ಯಾರೂ ಹೇಳಿಕೊಳ್ಳುವುದಿಲ್ಲ. ಸಂಜೆ ಚಾ ಕೊಡುತ್ತಿದ್ದರೆ ನಿಲ್ಲಿಸಿ. ಹಗಲಲ್ಲಿ ನೀರು ಚೆನ್ನಾಗಿ ಕುಡಿಯಲಿ, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿ. ಮಲಗುವ ಮುಂಚೆ ಬಚ್ಚಲಿಗೆ ಹೋಗಿ ಬರಲಿ, ಹೋಗುವ ದಾರಿಯಲ್ಲಿ ದೀಪ ಉರಿಯುತ್ತಿರಲಿ. ಹಾಸಿಗೆ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ. ಈ ಮಳೆಯಲ್ಲಿ ಗಾದಿ ಒಣಗಿಸುವ ಕಷ್ಟ ನನಗೂ ಗೊತ್ತು.

ಅತ್ತೆಯವರ ಟಿವಿಯನ್ನು ಒಮ್ಮೆಲೇ ಬಂದ್ ಮಾಡಲು ಹೋದರೆ ಇನ್ನೊಂದು ಯುದ್ಧ. ನ್ಯೂಸ್ ದಿನಕ್ಕೆ ಒಂದು ಸಲ, ಮಗ ಅಡುಗೆಮನೆಯಲ್ಲಿ ಅಪ್ಪನ ಜೊತೆ ಇರುವಾಗ. ಈ ಮಾತನ್ನು ಸೊಸೆ ಹೇಳುವುದಕ್ಕಿಂತ ಅವರ ಮಗ, ಅಂದರೆ ಯಜಮಾನರು, ಹೇಳಿದರೆ ಚೆನ್ನ. ಆದರೆ ಟಿವಿ ಕಿತ್ತುಕೊಂಡ ಮೇಲೆ ಅವರ ಕೈಗೆ ಏನಾದರೂ ಕೊಡಬೇಕಲ್ಲ? ನೋಡಿ, ಮನೆಯೊಳಗೆ ತಿಂಗಳುಗಟ್ಟಲೆ ಕೂರುವುದು ಕರಾವಳಿಯ ಹಿರಿಯರಿಗೆ ಹೊಸದಲ್ಲ. ಹಿಂದೆ ಮೇ ತಿಂಗಳಲ್ಲೇ ಮಳೆಗಾಲದ ತಯಾರಿ ನಡೆಯುತ್ತಿತ್ತು. ಸೌದೆ ಒಟ್ಟುವುದು, ಜಗಲಿಗೆ ಮಡಲಿನ ತಟ್ಟಿ ಕಟ್ಟುವುದು, ಹಪ್ಪಳ, ಒಣಮೀನು, ಮುರುಗಲು ಸಿಪ್ಪೆ ಡಬ್ಬಿ ತುಂಬುವುದು. ಆಮೇಲೆ ಜೂನ್‌ನಿಂದ ಮೂರು ತಿಂಗಳು ಜಡಿಮಳೆಯಲ್ಲಿ ಮಕ್ಕಳ ಹಿಂಡು ಮನೆಯೊಳಗೇ. ಆ ದಿನಗಳಲ್ಲಿ ಏನು ಮಾಡುತ್ತಿದ್ದಿರಿ ಅಂತ ಅವರನ್ನೇ ಕೇಳಿ. ಚನ್ನೆಮಣೆ ಮನೆಯಲ್ಲಿ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಗುಂಡಿ ಬರೆದುಕೊಳ್ಳಿ, ನಿಮ್ಮ ಹೊಲಿಗೆ ಡಬ್ಬಿಯ ಹಳೇ ಬಟನ್‌ಗಳೇ ಕಾಯಿ. ಚೌಕಾಬಾರಕ್ಕೆ ನಾಲ್ಕು ಹುಣಸೆ ಬೀಜ ಸಾಕು. ಅಜ್ಜಿ ಸೋತಾಗ ಹುಡುಗನ ಮುಖ ನೋಡಬೇಕು ನೀವು.

ಈಗ ಮೊಬೈಲ್. ಐದರಿಂದ ಹತ್ತು ವರ್ಷದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಅಂತ ಭಾರತದ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಆನ್‌ಲೈನ್ ಪಾಠದ ಬಗ್ಗೆ ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30-45 ನಿಮಿಷದ ಎರಡೇ ಅವಧಿ. ಯಾವುದಾದರೂ ಶಾಲೆ ಒಂದನೇ ತರಗತಿಯ ಮಗುವನ್ನು ನಾಲ್ಕು ಗಂಟೆ ಫೋನ್ ಮುಂದೆ ಕೂರಿಸು ಅಂದರೆ ನೀವು ಧೈರ್ಯವಾಗಿ ಆಗುವುದಿಲ್ಲ ಅನ್ನಬಹುದು.

ಆದರೆ ನೆಲಕ್ಕೆ ಬಿದ್ದು ಹೊರಳಾಡುವುದು ಎಷ್ಟು ಹೊತ್ತು ನೋಡಿದ ಅನ್ನುವುದರಿಂದ ಅಲ್ಲ, ಹೇಗೆ ನಿಲ್ಲಿಸಿದಿರಿ ಅನ್ನುವುದರಿಂದ. ಆಟದ ನಡುವೆ ಕೈಯಿಂದ ಕಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. "ಇದೊಂದು ಮುಗಿದ ಮೇಲೆ ಇಡೋಣ" ಅಂತ ಪಕ್ಕದಲ್ಲೇ ಕೂತು, ಮುಗಿದ ಕೂಡಲೇ ಅವನ ಕೈಯಿಂದಲೇ ಫೋನ್ ಕಪಾಟಿನಲ್ಲಿ ಇಡಿಸಿ. ಅದರ ಬೆನ್ನಿಗೇ ತಿನ್ನಲು ಏನಾದರೂ ಇರಲಿ, ಇಲ್ಲವೇ ಸ್ನಾನ ಇರಲಿ. ಅತ್ತಾಗ ಮಾತ್ರ ಯಾವ ಕಾರಣಕ್ಕೂ ಫೋನ್ ಕೊಡಬೇಡಿ. ಒಂಬತ್ತು ಸಲ ಇಲ್ಲ ಅಂದು ಹತ್ತನೇ ಸಲ ಸಾಕಾಗಿ ಕೊಟ್ಟರೆ, ಹತ್ತು ಸಲ ಅಳಬೇಕು ಅಂತ ಕಲಿಯುತ್ತಾನೆ. ನಿಯಮ ಮಾಡಿದ ಮೊದಲ ವಾರ ಅಳು ಜೋರಾಗುತ್ತದೆ, ಕಡಿಮೆ ಆಗುವುದಿಲ್ಲ. ಅದಕ್ಕೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಅಜ್ಜಿಗೂ ಹೇಳಿಡಿ. ಊಟದ ಹೊತ್ತಿಗೆ ಮತ್ತು ಮಲಗುವ ಒಂದು ಗಂಟೆ ಮೊದಲು ಫೋನ್ ಯಾರ ಕೈಯಲ್ಲೂ ಇರಬಾರದು. ಯಾರ ಕೈಯಲ್ಲೂ ಅಂದರೆ ಯಜಮಾನರ ಕೈಯಲ್ಲೂ.

ನಿಮ್ಮ ಮಗಳ ಬಗ್ಗೆ ನನಗೆ ಮಗನಿಗಿಂತ ಹೆಚ್ಚು ಯೋಚನೆ. ಚೀರುವ ಮಗು ತನ್ನ ಕಷ್ಟ ಹೇಳುತ್ತಿದೆ, ಸುಮ್ಮನಿರುವ ಮಗು ಹೇಳುತ್ತಿಲ್ಲ.

ತಡವಾಗಿ ಮಲಗುವುದರಲ್ಲಿ ಸ್ವಲ್ಪ ಪಾಲು ವಯಸ್ಸಿನದು. ಹರೆಯ ಶುರುವಾದಾಗ ನಿದ್ದೆ ತರಿಸುವ ಹಾರ್ಮೋನು ಮೊದಲಿಗಿಂತ ತಡವಾಗಿ ಏರುತ್ತದೆ. ಒಂಬತ್ತಕ್ಕೆ ಮಲಗು ಅಂದರೆ ನಿದ್ದೆಯೇ ಬರುವುದಿಲ್ಲ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಮಲಗಿಸುವ ಜಗಳ ಬಿಡಿ, ಏಳಿಸುವ ಹೊತ್ತು ಹಿಡಿಯಿರಿ. ದಿನವೂ ಒಂದೇ ಹೊತ್ತಿಗೆ ಏಳಬೇಕು, ಎದ್ದ ಕೂಡಲೇ ಬೆಳಕಿಗೆ ಬರಬೇಕು. ಮೋಡ ಇದ್ದರೂ ಹೊರಗಿನ ಬೆಳಕು ಮನೆಯ ಬಲ್ಬಿಗಿಂತ ಎಷ್ಟೋ ಪಟ್ಟು ಹೆಚ್ಚು. ಹತ್ತರಿಂದ ಏಳಕ್ಕೆ ಒಂದೇ ದಿನದಲ್ಲಿ ತರಬೇಡಿ, ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದೆ ಸರಿಸಿ.

ಇನ್ನು ಜಾಗ. ಎರಡು ಕೋಣೆ, ಐದು ಜನ, ದಿನವಿಡೀ ಮನೆಯಲ್ಲಿರುವ ಅಪ್ಪ. ಹದಿಮೂರು ವರ್ಷದ ಹುಡುಗಿಗೆ ಬಟ್ಟೆ ಬದಲಿಸಲೂ ಒಂದು ಮೂಲೆ ಇಲ್ಲ. ಅವಳು ರಾತ್ರಿ ಒಂದರವರೆಗೆ ಎಚ್ಚರ ಇರುವುದು ಯಾಕೆ ಗೊತ್ತಾ? ಮನೆಯಲ್ಲಿ ಅವಳೊಬ್ಬಳೇ ಇರಬಹುದಾದ ಹೊತ್ತು ಅದೊಂದೇ. ನೀವು ಹೊಲಿಗೆಯವರು, ಹಳೇ ಸೀರೆಯ ಒಂದು ಪರದೆ ಹೊಲಿದು ಕೋಣೆಯ ಒಂದು ಮೂಲೆಗೆ ಕಟ್ಟಿಕೊಡಿ. ಪರದೆ ಹಾಕಿದ್ದರೆ ಕೇಳದೆ ಯಾರೂ ಸರಿಸಬಾರದು, ತಮ್ಮನೂ ಸೇರಿ. ದಿನಕ್ಕೆ ಅರ್ಧ ಗಂಟೆ ಗೆಳತಿಗೆ ಕರೆ ಮಾಡಿ ಮಾತಾಡಲಿ, ಅದನ್ನು ಫೋನಿನ ಲೆಕ್ಕಕ್ಕೆ ಹಿಡಿಯಬೇಡಿ. ಮುಟ್ಟಿನ ದಿನಗಳಲ್ಲಿ ಏನು ಬಳಸುತ್ತಿದ್ದಾಳೆ ಅಂತ ಕೇಳಿ. ಶಾಲೆ ಮುಚ್ಚಿದ ಮೇಲೆ ಅಲ್ಲಿ ಸಿಗುತ್ತಿದ್ದ ಪ್ಯಾಡ್ ನಿಂತಿರಬಹುದು. ಸಾಮಾನಿನ ಚೀಟಿಯಲ್ಲಿ ಬರೆಸಲು ಅಪ್ಪನ ಮುಂದೆ ನಾಚಿಕೆ ಇರಬಹುದು.

ಮಾತಾಡಿಸಲು ಎದುರು ಬದುರು ಕೂರಿಸಬೇಡಿ. ಬಟ್ಟೆ ಮಡಚುವಾಗ, ಕಾಯಿ ತುರಿಯುವಾಗ ಪಕ್ಕದಲ್ಲಿ ಕೂತರೆ ಆ ವಯಸ್ಸಿನವರು ತಾವಾಗಿ ಬಾಯಿ ಬಿಡುತ್ತಾರೆ. ಎರಡು ವಾರಕ್ಕೂ ಹೆಚ್ಚು ಕಾಲ ಮಂಕಾಗಿದ್ದರೆ, ಊಟ ಬಿಟ್ಟರೆ, ಮೊದಲು ಇಷ್ಟಪಟ್ಟದ್ದೆಲ್ಲ ಬೇಡ ಅಂದರೆ, ಬದುಕೇ ಬೇಡ ಅನ್ನುವ ಮಾತು ಒಮ್ಮೆ ಬಂದರೂ ಹಗುರ ಮಾಡಬೇಡಿ. "ಸಾಯಬೇಕು ಅಂತ ಅನಿಸಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಮನೆಯಿಂದಲೇ ಮಾತಾಡಬೇಕು ಅಂದರೆ ನಿಮ್ಹಾನ್ಸ್‌ನವರ ಉಚಿತ ಸಹಾಯವಾಣಿ 080-46110007.

ಓದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಗಳಿಗೆ ಪಾಠಕ್ಕಾಗಿ ಫೋನೇ ಬೇಕು ಅಂತಿಲ್ಲ. ಕಳೆದ ವರ್ಷ ಜುಲೈನಿಂದ 8ರಿಂದ 10ನೇ ತರಗತಿಗೆ ಚಂದನ ವಾಹಿನಿಯಲ್ಲಿ ಪಾಠ ಬಂತು. ಈ ಸಲದ ಹೊತ್ತು ಶಾಲೆಯವರಿಂದ ತಿಳಿದುಕೊಳ್ಳಿ, ಅಜ್ಜಿಯ ಟಿವಿಗೂ ಒಂದು ಒಳ್ಳೆ ಕೆಲಸ ಸಿಕ್ಕಂತಾಯಿತು. ಮಗನಿಗೆ ನಿಮ್ಮ ಅಳತೆ ಟೇಪ್ ಕೊಡಿ. ಬಾಗಿಲು ಎಷ್ಟು, ಅಜ್ಜಿ ಎಷ್ಟು, ಬೆಕ್ಕು ಎಷ್ಟು ಅಂತ ಅಳೆಯಲಿ. ಬಟನ್‌ಗಳನ್ನು ಬಣ್ಣ ನೋಡಿ, ಹತ್ತತ್ತು ಮಾಡಿ ಬೇರೆ ಇಡಲಿ. ಒಂದನೇ ತರಗತಿ ಗಣಿತದ ದೊಡ್ಡ ಪಾಲು ಅದರಲ್ಲೇ ಇದೆ. ಸಂಜೆ ಓಡಲಿಕ್ಕೆ ಟಾಗೋರ್ ಕಡಲತೀರಕ್ಕೆ ಈ ಲಾಕ್‌ಡೌನ್‌ನಲ್ಲಿ ಹೋಗುವ ಹಾಗಿಲ್ಲ. ಮಳೆ ನಿಂತ ಹೊತ್ತಲ್ಲಿ ಅಂಗಳದಲ್ಲೋ ಮೆಟ್ಟಿಲ ಮೇಲೋ ಮೈ ಬೆವರುವಷ್ಟು ಆಡಲಿ. ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಯಬೇಕು, ಇಲ್ಲದಿದ್ದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಕುಂಟಾಬಿಲ್ಲೆಗೆ ಆರಡಿ ಜಾಗ ಸಾಕು.

ನೀವೂ ಸ್ವಲ್ಪ ನಿಮ್ಮ ಕಡೆ ನೋಡಿಕೊಳ್ಳಿ, ತಂಗಿ. ಯಜಮಾನರು ಅಡುಗೆ ಹಿಡಿದ ಹೊತ್ತನ್ನೆಲ್ಲ ಪಾತ್ರೆ ತೊಳೆಯಲು, ನೆಲ ಒರೆಸಲು ಕೊಟ್ಟುಬಿಡಬೇಡಿ. ಮಷಿನ್ ಮುಂದೆ ಕೂರಿ, ಇಲ್ಲವೇ ಕಾಲು ಚಾಚಿ ಸುಮ್ನೆ ಕೂರಿ.

ಕೊನೆಗೆ ಮೂರನೇ ಅಲೆ. ಅದು ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಮಕ್ಕಳಿಗೆ ಮಾತ್ರ ಅಥವಾ ಹೆಚ್ಚಾಗಿ ಮಕ್ಕಳಿಗೇ ಬರುವ ಸಾಧ್ಯತೆ ತೀರಾ ಕಡಿಮೆ ಅಂತ ಭಾರತದ ಮಕ್ಕಳ ತಜ್ಞರ ಸಂಘವೇ ಮೇ ತಿಂಗಳಲ್ಲಿ ಹೇಳಿದೆ. ಸೋಂಕು ತಗುಲಿದ ಹೆಚ್ಚಿನ ಮಕ್ಕಳಿಗೆ ಶೀತ-ಜ್ವರದಷ್ಟೇ ಆಗಿ ಹೋಗುತ್ತದೆ. ಮಕ್ಕಳನ್ನು ಕಾಯುವ ನಿಜವಾದ ದಾರಿ ಮನೆಯ ದೊಡ್ಡವರು ಲಸಿಕೆ ಹಾಕಿಸಿಕೊಳ್ಳುವುದು. ಅತ್ತೆಯವರದ್ದು ಆಗಿದೆಯಾ? 60 ದಾಟಿದವರಿಗೆ ಮಾರ್ಚ್ 1ರಿಂದಲೇ ಕೊಡುತ್ತಿದ್ದಾರೆ. ನೀವಿಬ್ಬರೂ 18 ದಾಟಿದವರ ಸಾಲಿನಲ್ಲಿ ಹೆಸರು ನೋಂದಾಯಿಸಿ.

ಈ ಗಲಾಟೆಯಲ್ಲಿ ಮಕ್ಕಳ ಮಾಮೂಲಿ ಚುಚ್ಚುಮದ್ದು ತಪ್ಪಿಹೋದ ಮನೆಗಳನ್ನು ತುಂಬ ನೋಡುತ್ತಿದ್ದೇನೆ. ಐದರಿಂದ ಆರು ವರ್ಷದ ನಡುವೆ ಡಿಪಿಟಿಯ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಬಾರದಂತೆ ಕೊಡುವ ಚುಚ್ಚುಮದ್ದು) ಎರಡನೇ ಬೂಸ್ಟರ್ ಇದೆ. ಹತ್ತು ವರ್ಷಕ್ಕೆ ಟಿಡಿ, ಅಂದರೆ ಧನುರ್ವಾಯು ಮತ್ತು ಗಂಟಲಮಾರಿಯದು, ಇದೆ. ತಾಯಿ ಕಾರ್ಡ್ ಎಲ್ಲಿಟ್ಟಿದ್ದೀರಿ ಹುಡುಕಿ, ಇಬ್ಬರದೂ ನೋಡಿ. ಬಾಕಿ ಇದ್ದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ, ಯಾವ ದಿನ ಎಲ್ಲಿಗೆ ಬರಬೇಕು ಅಂತ ಕೇಳಿಕೊಂಡು ಹೋಗಿ. ಮೂತ್ರ ಪರೀಕ್ಷೆಯೂ ಅದೇ ಓಡಾಟದಲ್ಲಿ ಮುಗಿಯುತ್ತದೆ.